ಬೀಗಣ್ಣ ಇಲ್ಲ ಅನ್ನದ ದಿನ

ಅಕ್ಕ ಆ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳಿದ್ದರೆ ಬೀಗಣ್ಣನಿಗೆ ಆ ದಿನ ಅಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಅಕ್ಕನಿಗೆ ಮೆಲ್ಲಗೆ ಹೇಳುವುದು ಗೊತ್ತಿಲ್ಲ. ಭಾವನಿಗೆ ಕಿವಿ ಮಂದ. ಅವರಿಗೆ ಕೇಳುವ ಹಾಗೆ ಮಾತಾಡಿ ಮಾತಾಡಿ, ಈಗ ಅವಳು ಗುಟ್ಟು ಹೇಳಿದರೂ ಎದುರು ಸಾಲಿನ ಅಂಗಡಿಯವರು ತಲೆಯೆತ್ತಿ ನೋಡುತ್ತಾರೆ.

ಬೀಗಣ್ಣನ ಅಂಗಡಿ ಅಂದರೆ ಅಂಗಡಿಯೇನಲ್ಲ. ಎರಡು ಅಂಗಡಿಗಳ ನಡುವೆ ಉಳಿದುಹೋದ ಒಂದು ಸಂದು. ಎಡಗಡೆ ದರ್ಜಿ, ಬಲಗಡೆ ಚಹಾದವನು, ನಡುವೆ ಕಪಾಟಿನಲ್ಲಿ ಮರೆತುಬಿಟ್ಟ ಊರುಗೋಲಿನ ಹಾಗೆ ಇವನು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಬೀಗದಕೈ. ಮುಂದೆ ಒಂದು ಮಣೆ, ಮಣೆಯ ಮೇಲೆ ನಾಲ್ಕಾರು ಅರ, ಒಂದಿಷ್ಟು ತಂತಿ, ಒಂದು ಎಣ್ಣೆ ಬುಡ್ಡಿ. ಬೀದಿಯವರಿಗೆಲ್ಲ ಅವನು ಬೀಗಣ್ಣ. ಯಾರೇ ಬರಲಿ, ಅವನು ನೋಡುತ್ತಿದ್ದದ್ದು ಅವರ ಕೈಯಲ್ಲಿರುವ ಬೀಗವನ್ನು; ಮುಖವನ್ನಲ್ಲ. ಹತ್ತು ವರ್ಷದ ಹಿಂದಿನ ಬೀಗವನ್ನು ಗುರುತು ಹಿಡಿದು "ಹೇಗಿದೀಯಪ್ಪಾ?" ಅನ್ನುತ್ತಿದ್ದ. ಅದನ್ನು ತಂದವರು ಯಾರು ಎಂದರೆ ತಲೆ ಕೆರೆದುಕೊಳ್ಳುತ್ತಿದ್ದ.

ಅಂಗಡಿ ತೆರೆದು ಇನ್ನೂ ಕೂತಿರಲಿಲ್ಲ, ಅಕ್ಕ ಬಂದಳು.

"ಏಯ್, ಆ ಅರ ಕೆಳಗಿಡು. ಕಿವಿಗೊಟ್ಟು ಕೇಳು. ನರ್ಸಮ್ಮನ ಕಡೆಯಿಂದ ಮಾತು ಬಂದಿದೆ."

ಬೀಗಣ್ಣನ ಕೈ ನಿಂತಿತು. ನರ್ಸಮ್ಮ ಅಂದರೆ ಅಕ್ಕ ಕೆಲವು ದಿನಗಳಿಂದ ಹೇಳುತ್ತಿದ್ದ ಹುಡುಗಿ. ದೊಡ್ಡಾಸ್ಪತ್ರೆಯಲ್ಲಿ ಕೆಲಸ, ಮನೆಯಲ್ಲಿ ಅಪ್ಪ ಒಬ್ಬರೇ. ಬೀಗಣ್ಣ ಅವಳನ್ನು ಕಂಡವನಲ್ಲ. ಆದರೆ ನಲವತ್ತರ ಹತ್ತಿರ ಬಂದ ಗಂಡಸು, ದಿನಾ ಅಡುಗೆ ಮಾಡಿದ ಪಾತ್ರೆಯಲ್ಲೇ ಉಂಡು ಅದನ್ನೇ ತೊಳೆದಿಡುವವನು, ಕಾಣದೆಯೂ ಎಷ್ಟೋ ಯೋಚನೆ ಮಾಡಿರುತ್ತಾನೆ. ಹಿಂದಿನ ವಾರ ಎಣ್ಣೆ ತರಲು ಪೇಟೆಗೆ ಹೋದವನು ಎಣ್ಣೆ ಮರೆತು ಎರಡು ತಟ್ಟೆ ಕೊಂಡು ಬಂದಿದ್ದ. ಯಾರಾದರೂ ನೋಡಿದರೆ ನಾಚಿಕೆ ಎಂದು ಒಂದನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದ.

"ಏನಂತೆ ಅಕ್ಕ?"

"ಅವಳಿಗೆ ರೂಪ ಬೇಡ್ವಂತೆ."

"ಸದ್ಯ," ಎಂದ ಬೀಗಣ್ಣ.

"ಆಸ್ತಿನೂ ಬೇಡ್ವಂತೆ. ಓದೂ ಬೇಡ್ವಂತೆ. ಏನೂ ಇಲ್ಲದಿರೋ ನಿನಗೆ ಹೇಳಿ ಮಾಡಿಸಿದ ಹಾಗಿದಾಳೆ. ಬೇಕಾಗಿರೋದು ಒಂದೇ ಅಂತೆ. ಕರುಣೆ."

"ಕರುಣೆನಾ?"

"ಕರುಣೆ! ಇಡೀ ದಿನ ನರಳೋರ ಮಧ್ಯೆ ಇದ್ದು ಮನೆಗೆ ಬಂದಾಗ ಸಿಡಿಸಿಡಿ ಅನ್ನೋ ಗಂಡ ಬೇಡ ಅಂತಾಳಂತೆ. ಆಗಲೇ ಎಷ್ಟೋ ಜನರನ್ನ ಒಲ್ಲೆ ಅಂದಿದಾಳೆ. ಒಬ್ಬ ಇಂಜಿನಿಯರು, ಮಲಗಿದ್ದ ನಾಯಿನ ಕಾಲಲ್ಲಿ ಸರಿಸಿದ ಅಂತ ಬೇಡ. ಇನ್ನೊಬ್ಬ ಬಸ್ಸಲ್ಲಿ ಮುದುಕಿ ನಿಂತಿರೋವಾಗ ಕಿಟಕಿಯಾಚೆ ಮರ ನೋಡ್ತಾ ಕೂತಿದ್ನಂತೆ, ಅವನೂ ಬೇಡ."

"ಇದೆಲ್ಲ ಅವಳಿಗೆ ಹೇಗೆ ಗೊತ್ತಾಯ್ತು?"

"ಅಲ್ಲೇ ಇರೋದು! ಹೇಳದೆ ಕೇಳದೆ ಬಂದು ನೋಡ್ತಾಳಂತೆ ಕಣೋ. ತಾನು ಯಾರು ಅಂತ ಬಾಯಿ ಬಿಡಲ್ಲ. ಸುಮ್ನೆ ನಿಂತು ನೋಡ್ತಾಳೆ, ಹೋಗ್ತಾಳೆ. ನನಗೆ ಮೊನ್ನೆನೇ ಹೇಳಿದ್ರು. ಹಾಳು ಹಲ್ಲುನೋವು, ಬರೋಕಾಗ್ಲಿಲ್ಲ. ನೋಡು, ನನಗೂ ಹುಡುಕಿ ಹುಡುಕಿ ಸಾಕಾಗಿದೆ. ಇದು ಕೈತಪ್ಪಿದ್ರೆ ಇನ್ನು ನಾನು ಯಾರ ಮನೆ ಬಾಗಿಲಿಗೂ ಹೋಗಲ್ಲ. ಯಾರು ಏನು ಕೇಳಿದ್ರೂ ಮಾಡು. ನಿನ್ನ ಬಾಯಲ್ಲಿ 'ಇಲ್ಲ' ಅನ್ನೋ ಮಾತು ಬರಕೂಡದು. ತಿಳೀತಾ?"

ಅಕ್ಕ ಹೊರಟುಹೋದಳು. ಅವಳ ದನಿ ಇನ್ನೂ ಸ್ವಲ್ಪ ಹೊತ್ತು ಬೀದಿಯಲ್ಲೇ ಇತ್ತು.

ಎಡಗಡೆಯಿಂದ ದರ್ಜಿಯ ತಲೆ ಬಂತು. ಬಲಗಡೆಯಿಂದ ಚಹಾದವನ ತಲೆ ಬಂತು.

"ನಾವೇನೂ ಕೇಳಿಸ್ಕೊಂಡಿಲ್ಲ," ಎಂದ ದರ್ಜಿ. "ಆದ್ರೂ ಒಂದು ಮಾತು ಹೇಳ್ತೀನಿ. ಕರುಣೆ ಅನ್ನೋದು ಮುಖದಲ್ಲಿ ಕಾಣ್ಬೇಕು. ನಿನ್ನ ಮುಖ ನೋಡಿದ್ರೆ ಯಾರೋ ಈಗತಾನೇ ನಿನ್ನ ಕಾಲು ತುಳಿದ ಹಾಗಿರುತ್ತೆ. ಎಲ್ಲಿ, ಸ್ವಲ್ಪ ನಗು."

ಬೀಗಣ್ಣ ನಕ್ಕ.

"ಬೇಡ, ಬಿಡು," ಎಂದ ಚಹಾದವನು. "ಕೆಲಸದಲ್ಲೇ ತೋರಿಸು. ನನ್ನ ಡ್ರಮ್ಮು ಬೆಳಿಗ್ಗೆಯಿಂದ ಖಾಲಿ. ಸೊಂಟ ಹಿಡ್ಕೊಂಡಿದೆ. ಆ ಮೂಲೆ ನಲ್ಲಿಯಿಂದ ನೀರು ಯಾರು ತರ್ತಾರೋ ಏನೋ, ನಾನಂತೂ ಯಾರನ್ನೂ ಕೇಳಲ್ಲ."

"ನಿನ್ನ ಸೊಂಟಕ್ಕೇನಾಗಿದೆ? ನಿನ್ನೆ ಓಡೋ ಬಸ್ಸು ಹತ್ತಿದೆಯಲ್ಲ!" ಎನ್ನಲು ಬೀಗಣ್ಣ ಬಾಯಿ ತೆರೆದಿದ್ದ. ಅಷ್ಟರಲ್ಲಿ ದರ್ಜಿ ಎದುರು ಸಾಲಿನ ಕಡೆ ಕಣ್ಣು ಹಾಯಿಸಿದವನು ಸರಕ್ಕನೆ ತಲೆ ಒಳಗೆಳೆದುಕೊಂಡ. ಒಳಗಿನಿಂದ ಪಿಸುದನಿ ಬಂತು.

"ಬೀಗಣ್ಣ, ತಿರುಗಿ ನೋಡ್ಬೇಡ. ಎದುರುಗಡೆ ಮುಚ್ಚಿದ ಅಂಗಡಿ ಮೆಟ್ಟಿಲ ಮೇಲೆ ನೀಲಿ ಕೊಡೆ ಹಿಡ್ಕೊಂಡು ಒಬ್ಬಳು ನಿಂತಿದಾಳೆ. ಈ ಕಡೆನೇ ದುರುದುರು ನೋಡ್ತಿದಾಳೆ. ಅವಳೇ. ನೂರಕ್ಕೆ ನೂರು ಅವಳೇ. ನೀನು ಏನಾದ್ರೂ ಮಾಡ್ತಾ ಇರು, ಅವಳ ಕಣ್ಣು ನಿನ್ನ ಮೇಲೇ ಇರೋ ಹಾಗೆ ನೋಡ್ಕೋ. ಈ ಕಡೆ ನನ್ನ ಅಂಗಡಿ ಕಡೆಗೆ ಮಾತ್ರ ಬರೋಕೆ ಬಿಡ್ಬೇಡ."

ಬೀಗಣ್ಣ ತಿರುಗಿ ನೋಡಿದ. ಕೊಡೆ ಕಂಡಿತು, ಕೊಡೆಯ ಕೆಳಗೆ ಒಬ್ಬ ಹೆಂಗಸು ಕಂಡಳು. ಎದ್ದವನೇ ಎರಡೂ ಕೈಯಲ್ಲಿ ಚಹಾದವನ ಕೊಡ ಹಿಡಿದು ನಲ್ಲಿಗೆ ಹೊರಟ.

ನೀರು ತರುವುದೇನೋ ತಂದ. ಆದರೆ ಕರುಣೆಯ ಮುಖವನ್ನು ಎದುರು ಮೆಟ್ಟಿಲಿನ ಕಡೆಗೇ ಇಟ್ಟುಕೊಂಡು ಅಡ್ಡಡ್ಡ ನಡೆದದ್ದರಿಂದ ಅರ್ಧ ನೀರು ಬೀದಿಗೆ ಬಿತ್ತು, ಉಳಿದದ್ದರಲ್ಲಿ ಅರ್ಧ ಒಬ್ಬ ಪೋಸ್ಟಿನವನ ಮೇಲೆ ಬಿತ್ತು. ಪೋಸ್ಟಿನವನು ಬಯ್ಯಲು ಬಾಯಿ ತೆರೆದ. ಬೀಗಣ್ಣ ತಾನೇ ಅವನ ಅಂಗಿ ಬಿಚ್ಚಿಸಿ ಹಿಂಡಿ, ಗಾಳಿಗೆ ಹಿಡಿದು ಕೊಡವಿ, ಮತ್ತೆ ತೊಡಿಸಿ ಗುಂಡಿ ಹಾಕಿ ಕಳಿಸಿದ. ಗುಂಡಿ ಒಂದು ಹೆಚ್ಚು ಕಡಿಮೆಯಾಗಿ ಪೋಸ್ಟಿನವನು ಆ ದಿನವೆಲ್ಲ ಒಂದು ಕಡೆ ವಾಲಿಕೊಂಡೇ ಕಾಗದ ಹಂಚಿದನಂತೆ.

ಆಮೇಲೆ ಮಹಡಿಯ ಮೇಲಿನ ಅಜ್ಜಿ ಇಳಿದು ಬಂದರು. ಎದೆಗವುಚಿಕೊಂಡ ಒಂದು ಬೂದು ಬೆಕ್ಕು. ಸೌತೆಕಾಯಿಯಷ್ಟು ದಪ್ಪ ಬಾಲ, ಕುಂಬಳಕಾಯಿಯಷ್ಟು ದಪ್ಪ ಮೈ.

"ಮಗಾ, ನೀನು ಇವತ್ತು ಯಾರಿಗೂ ಇಲ್ಲ ಅನ್ನಲ್ವಂತೆ, ಹೌದಾ?"

"ಯಾರು ಹೇಳಿದ್ರು ಅಜ್ಜಿ?"

"ಯಾರು ಹೇಳ್ಬೇಕು? ನಿನ್ನ ಅಕ್ಕ ಹೇಳಿದ್ದು ನನ್ನ ಅಡುಗೆಮನೆ ತನಕ ಕೇಳಿಸ್ತು. ನಾನು ತಂಗಿ ಮನೆಗೆ ಹೋಗಿ ಸಂಜೆ ಬರ್ತೀನಿ. ಇವನನ್ನ ಹಿಡ್ಕೋ. ಕೆಳಗೆ ಬಿಟ್ರೆ ಮಾತ್ರ ಅಳ್ತಾನೆ. ಎತ್ಕೊಂಡೇ ಇರ್ಬೇಕು."

ಬೆಕ್ಕು ಬೀಗಣ್ಣನ ಹೆಗಲೇರಿ, ನಾಲ್ಕು ಕಾಲಿನ ಉಗುರನ್ನೂ ಅಂಗಿಯೊಳಗೆ ಇಳಿಸಿ, ಮನೆ ಸಿಕ್ಕಿತು ಅನ್ನುವ ಹಾಗೆ ಕಣ್ಣು ಮುಚ್ಚಿತು. ಬೀಗಣ್ಣ ನೋವಿಗೆ ಹಲ್ಲು ಕಚ್ಚಿದ. ಹಲ್ಲು ಕಚ್ಚಿದರೆ ಅವನ ಮುಖ ನಕ್ಕ ಹಾಗೆ ಕಾಣುತ್ತಿತ್ತು. ಎದುರು ಮೆಟ್ಟಿಲ ಮೇಲಿನ ನೀಲಿ ಕೊಡೆ ಸ್ವಲ್ಪ ಅಲುಗಾಡಿತು.

"ನೋಡ್ದಾ? ಮೆಚ್ಚಿದಳು!" ಎಂದಿತು ಒಳಗಿನಿಂದ ದರ್ಜಿಯ ಪಿಸುದನಿ. "ಈಗ ಇದನ್ನೂ ಮಾಡು." ಪರದೆಯ ಸಂದಿನಿಂದ ಒಂದು ಇಸ್ತ್ರಿಪೆಟ್ಟಿಗೆ ಬಂತು, ಅದರ ಹಿಂದೆಯೇ ಒಂದು ರಾಶಿ ಪ್ಯಾಂಟು ಬಂತು.

ಸುದ್ದಿ ಬೀದಿಯಲ್ಲಿ ಹೊಗೆಯ ಹಾಗೆ ಹಬ್ಬಿತು. ಚಹಾದವನು ಪ್ರತಿ ಲೋಟದ ಜೊತೆಗೂ ಅದನ್ನೇ ಕೊಡುತ್ತಿದ್ದ: "ಚಹಾ ತಗೊಳ್ಳಿ. ಬೀಗಣ್ಣ ಇವತ್ತು ಏನು ಕೇಳಿದ್ರೂ ಇಲ್ಲ ಅನ್ನಲ್ಲ. ಹುಡುಗಿ ನೋಡ್ತಾ ನಿಂತಿದಾಳೆ." ಬಂದವರು ಚಹಾ ಮುಗಿಸಿ ಒಂದು ಹೆಜ್ಜೆ ಈಚೆ ಬರುತ್ತಿದ್ದರು. ಒಬ್ಬ ಸೈಕಲ್ಲಿನ ಗಾಳಿ ಹೊಡೆಸಿಕೊಂಡ. ಒಬ್ಬ ಬೆನ್ನು ತುರಿಸಿಕೊಂಡ. ರಿಟೈರಾದ ಮೇಷ್ಟರೊಬ್ಬರು ಕೂತು, ತಮಗೆ ಹೆಡ್ಮಾಸ್ಟರ್ ಕೆಲಸ ತಪ್ಪಿಸಿದವನು ಯಾರು, ಹೇಗೆ ತಪ್ಪಿಸಿದ, ಅವನ ಅಪ್ಪ ಎಂಥವನು ಎಂದು ಬುಡದಿಂದ ಹೇಳತೊಡಗಿದರು. ಅವರ ಹೆಂಡತಿ ಆ ಕತೆ ಕೇಳಿ ಕೇಳಿ ಈಗ ಅದು ಶುರುವಾದರೆ ತವರಿಗೆ ಹೊರಡುತ್ತಾಳಂತೆ. ಬೀಗಣ್ಣ ಹೆಗಲ ಮೇಲೆ ಬೆಕ್ಕು, ಕೈಯಲ್ಲಿ ಇಸ್ತ್ರಿ, ಕಿವಿಯಲ್ಲಿ ಮೇಷ್ಟರು, ಹೀಗೆ "ಅಯ್ಯೋ ಪಾಪ", "ಛೆ ಛೆ" ಅನ್ನುತ್ತ ಮಧ್ಯಾಹ್ನದ ತನಕ ನಿಂತ. ಒಂದು ಬೀಗವೂ ರಿಪೇರಿಯಾಗಲಿಲ್ಲ. ನೀಲಿ ಕೊಡೆ ಮಾತ್ರ ಅಲ್ಲಿಂದ ಕದಲಲಿಲ್ಲ. ಬಿಸಿಲೇರಿದಂತೆ ಆ ಹೆಂಗಸಿನ ಮುಖವೂ ಕೆಂಪಾಗುತ್ತ ಬಂತು.

"ನಾಚಿಕೆ ಕಣಯ್ಯ, ನಾಚಿಕೆ," ಎಂದ ದರ್ಜಿ ಪರದೆಯ ಹಿಂದಿನಿಂದ.

ಊಟದ ಹೊತ್ತು ಕಳೆದ ಮೇಲೆ, ಒಬ್ಬ ಮನುಷ್ಯ ಎದೆ ಬಡಿದುಕೊಂಡು ಓಡಿ ಬಂದ.

"ಅಣ್ಣಾ, ಅಣ್ಣಾ, ಬೇಗ ಬಾ! ಮನೆ ಬೀಗದ ಕೈ ಕಳೆದುಹೋಯ್ತು. ಒಲೆ ಮೇಲೆ ಹಾಲಿಟ್ಟು ಬಂದಿದೀನಿ! ಈ ಹಿಂದಿನ ಬೀದಿನೇ, ಎರಡು ಹೆಜ್ಜೆ!"

ಇಲ್ಲಿ ಬೀಗಣ್ಣ ಇಸ್ತ್ರಿ ಕೆಳಗಿಟ್ಟ. ಅವನಿಗೆ ಕಸಬು ಕಲಿಸಿದ್ದು ಸೋದರಮಾವ. ಮಾವ ಅರ ಹಿಡಿಯುವುದನ್ನು ಕಲಿಸುವ ಮೊದಲೇ ಒಂದು ಕಟ್ಟಳೆ ಕಲಿಸಿದ್ದ. ಇನ್ನೊಬ್ಬರ ಬಾಗಿಲಿಗೆ ಕೈ ಹಾಕುವ ಮೊದಲು ಆ ಮನೆಯ ಅಕ್ಕಪಕ್ಕದವರು ಇಬ್ಬರು ಬಂದು "ಹೌದು, ಇದು ಇವನದೇ ಮನೆ" ಅನ್ನಬೇಕು. ಒಬ್ಬ ಸಾಲದು, ಒಬ್ಬ ಅವನ ಜೊತೆಗಾರನೇ ಆಗಿರಬಹುದು. ಬೀಗಣ್ಣ ಈ ಕಟ್ಟಳೆಯನ್ನು ಯಾರಿಗಾಗಿಯೂ ಮುರಿದವನಲ್ಲ. ಒಮ್ಮೆ ಸ್ವಂತ ಭಾವನನ್ನೇ ಮಳೆಯಲ್ಲಿ ನಿಲ್ಲಿಸಿ, ಇಬ್ಬರು ನೆರೆಯವರು ಬಂದು ಹೇಳಿದ ಮೇಲೆಯೇ ಬೀಗ ತೆಗೆದಿದ್ದ. ಭಾವನಿಗೆ ಕಿವಿ ಮಂದವಾದದ್ದು ಆ ಮಳೆಯಿಂದಲೇ ಎಂದು ಅಕ್ಕ ಇಂದಿಗೂ ಹೇಳುತ್ತಾಳೆ.

"ಅಕ್ಕಪಕ್ಕದವರು ಇಬ್ಬರನ್ನ ಕರ್ಕೊಂಡು ಬಾ," ಎಂದ ಬೀಗಣ್ಣ.

"ಎಲ್ಲಾ ಕೆಲಸಕ್ಕೆ ಹೋಗಿದಾರಣ್ಣ! ಹಾಲು! ಹಾಲು ಉಕ್ಕಿ ಒಲೆ ಆರಿ ಮನೆಯೆಲ್ಲ ಗ್ಯಾಸು ತುಂಬುತ್ತೆ! ನಿನಗೆ ಕರುಣೆನೇ ಇಲ್ವಾ?"

ಕರುಣೆ ಅನ್ನುವ ಮಾತು ಬೀದಿಯಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸಿತು. ಎದುರಿನ ಕೊಡೆ ಮೆಟ್ಟಿಲಿಂದ ಒಂದು ಹೆಜ್ಜೆ ಕೆಳಗಿಳಿಯಿತು. ಈ ಕಡೆಗೇ ಬರುವ ಹಾಗಿತ್ತು. ದರ್ಜಿ ಗಾಬರಿಯಾದ.

"ಹೋಗಯ್ಯ ಮಾರಾಯ! ಅವಳು ಇಳಿದು ಬರ್ತಿದಾಳೆ! ಇಬ್ಬರು ನೆರೆಯವರು ತಾನೆ ಬೇಕು? ನಾನೊಬ್ಬ, ಚಹಾದವನೊಬ್ಬ. ಆಯ್ತಲ್ಲ, ಹೋಗು!"

"ನೀವು ನನ್ನ ನೆರೆಯವರು! ಅವನ ನೆರೆಯವರಲ್ಲ!"

"ನೆರೆ ಅಂದ್ಮೇಲೆ ಯಾರ ನೆರೆಯಾದ್ರೇನು? ಮನುಷ್ಯ ಅಳ್ತಾ ಇದಾನೆ, ಇವನು ಲೆಕ್ಕ ಕೇಳ್ತಾನೆ," ಎಂದು ಚಹಾದವನೂ ಸೇರಿಸಿದ. "ಮುಖ ನೋಡಿದ್ರೆ ಗೊತ್ತಾಗಲ್ವಾ, ಪಾಪ, ಎಲ್ಲೋ ನೋಡಿದ ಮುಖ ಇದು. ನಮ್ಮವನೇ."

ಬೀಗಣ್ಣ ಮಾವನನ್ನು ನೆನೆದು, ಮಂಚದ ಕೆಳಗಿನ ತಟ್ಟೆಯನ್ನೂ ನೆನೆದು, ತಂತಿಯ ಚೀಲ ಎತ್ತಿಕೊಂಡ. ಬೆಕ್ಕು ಹೆಗಲ ಮೇಲೆಯೇ ಬಂತು. ಬಿಡಿಸಲು ಹೋದರೆ ಅಂಗಿಯೂ ಬರುತ್ತಿತ್ತು.

ಹಿಂದಿನ ಬೀದಿಯಲ್ಲಿ ಹಸಿರು ಬಾಗಿಲಿನ ಒಂದು ಮನೆ. ಬೀಗಣ್ಣ ಮಂಡಿಯೂರಿ ತಂತಿ ತೂರಿಸಿದ. ಬೀಗ ಎಷ್ಟು ಸಲೀಸಾಗಿ ತೆರೆಯಿತೆಂದರೆ, ಹಳೆಯ ಸ್ನೇಹಿತ ಕೈ ಕುಲುಕಿದ ಹಾಗೆ. ಬಾಗಿಲು ಮಾತ್ರ ಕಿರ್ರ್ ಎಂದು ಅತ್ತಿತು. ಕರುಣೆಯ ದಿನವಲ್ಲವೇ, ಕೇಳದಿದ್ದರೂ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟ. ಒಲೆಯ ಮೇಲೆ ಹಾಲೇನೂ ಇರಲಿಲ್ಲ.

"ಹಾಲು?"

"ಆವಿಯಾಗಿಹೋಯ್ತು, ನೋಡಣ್ಣ," ಎಂದು ಆ ಮನುಷ್ಯ ಇನ್ನೂ ಜೋರಾಗಿ ಅತ್ತ. "ಇವತ್ತು ನನ್ನ ದಿನವೇ ಸರಿ ಇಲ್ಲ. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ. ಈ ಟ್ರಂಕು ತಗೊಂಡು ಬಸ್ಸು ಹಿಡೀಬೇಕು. ನನಗೋ ಬೆನ್ನುನೋವು."

ಹೀಗೆ ಬೀಗಣ್ಣ ಟ್ರಂಕನ್ನು ತಲೆಯ ಮೇಲೆ ಹೊತ್ತ. ಎಂಥ ಭಾರ! ಅದರೊಳಗೆ ಒಂದು ಗಡಿಯಾರ ಟಿಕ್ ಟಿಕ್ ಎಂದು ಅವನ ತಲೆಯೊಳಗೇ ಹೊಡೆಯುತ್ತಿತ್ತು. ಆ ಮನುಷ್ಯ ಮುಂದೆ ಮುಂದೆ ಕಣ್ಣೊರೆಸಿಕೊಂಡು ನಡೆದ. ಹೊರಡುವ ಮೊದಲು ಬೀಗಣ್ಣ ಮರೆಯದೆ ಬಾಗಿಲೆಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ. ಕಸಬುದಾರನ ಕೈ, ಏನು ಮಾಡುವುದು. ಎದುರು ಮನೆಯ ಕಿಟಕಿಯಿಂದ ಒಬ್ಬ ಹೆಂಗಸು ನೋಡುತ್ತಿದ್ದಳು. ಅವಳಿಗೂ ಕರುಣೆಯ ನಗು ನಕ್ಕ.

ಬಸ್ಸು ಬಂತು. ಬೀಗಣ್ಣನೇ ಮೇಲೆ ಹತ್ತಿ, ಟ್ರಂಕು ಇಟ್ಟು, ಹಗ್ಗ ಬಿಗಿದು ಇಳಿದ.

"ನಿನ್ನಂಥೋರು ಇರೋದ್ರಿಂದಲೇ ನಮ್ಮಂಥೋರು ಬದುಕಿರೋದು," ಎಂದು ಆ ಮನುಷ್ಯ ಕಿಟಕಿಯಿಂದ ಕೈಮುಗಿದ. ಬೀಗಣ್ಣನ ಕಣ್ಣಲ್ಲಿ ನೀರು ಬಂತು. ಬೆಕ್ಕು ಆಗಲೇ ಉಗುರನ್ನು ಇನ್ನೊಂದು ಜಾಗಕ್ಕೆ ಬದಲಾಯಿಸಿತ್ತು.

ಅಂಗಡಿಗೆ ಬಂದರೆ ನೀಲಿ ಕೊಡೆ ಅವನ ಮಣೆಯ ಮುಂದೆಯೇ ನಿಂತಿತ್ತು! ಆ ಹೆಂಗಸು ಮುಂದೆ ಬಂದಳು.

"ನಿಮ್ಮನ್ನ ಬೆಳಿಗ್ಗೆಯಿಂದ ನೋಡ್ತಿದೀನಿ."

"ಗೊತ್ತು," ಎಂದ ಬೀಗಣ್ಣ ನೆಲ ನೋಡುತ್ತ.

"ನೀವು ಒಳ್ಳೆಯವರ ಹಾಗೆ ಕಾಣ್ತೀರಿ. ಒಂದು ನಿಜ ಹೇಳ್ತೀರಾ?"

"ಕೇಳಿ. ನಾನು ಇಲ್ಲ ಅನ್ನಲ್ಲ."

"ಆ ದರ್ಜಿ ಎಲ್ಲಿ ಬಚ್ಚಿಟ್ಕೊಂಡಿದಾನೆ? ನನ್ನ ಮಗಳ ಫ್ರಾಕು ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ಒಂದು ತಿಂಗಳಿಂದ ಸತಾಯಿಸ್ತಿದಾನೆ. ಇವತ್ತು ಸಿಗ್ದೆ ಹೋದ್ರೆ ನಾನು ಇಲ್ಲಿಂದ ಕದಲಲ್ಲ!"

ಪರದೆ ಅಲುಗಿತು. ಹಿಂಬಾಗಿಲಿನಿಂದ ಯಾರೋ ಹಾರಿ ಓಡಿದ ಸದ್ದಾಯಿತು. ಹೆಂಗಸು ಕೊಡೆ ಮಡಿಸಿ, ಈಟಿಯ ಹಾಗೆ ಮುಂದೆ ಹಿಡಿದು, ಬೆನ್ನಟ್ಟಿಕೊಂಡು ಹೋದಳು.

ಬೀಗಣ್ಣ ಮಣೆಯ ಹಿಂದೆ ಕುಸಿದು ಕೂತ. ಒಂದು ದಿನದ ಕರುಣೆಯೆಲ್ಲ ಒಂದು ಫ್ರಾಕಿನ ಪಾಲಾಯಿತು. ಹಾಗೆ ಎಷ್ಟು ಹೊತ್ತು ಕೂತಿದ್ದನೋ, ಬೀದಿಯ ಆ ತುದಿಯಿಂದಲೇ ಅಕ್ಕನ ದನಿ ಬಂತು.

"ಒಪ್ಪಿದಳು ಕಣೋ! ಒಪ್ಪಿದಳು!"

ಅಕ್ಕ ಏದುಸಿರು ಬಿಡುತ್ತ ಬಂದು ತಮ್ಮನ ಗಲ್ಲ ಹಿಂಡಿದಳು. "ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ನಮ್ಮನೆಗೇ ಬಂದುಬಿಟ್ರು. ಮನೆಗೆ ಬೀಗ ಹಾಕ್ಕೊಂಡು ಬಂದಿದೀವಿ, ನಿಧಾನವಾಗಿ ಮಾತಾಡೋಣ ಅಂದ್ರು. ಹುಡುಗಿ ನಿನ್ನ ನೋಡಿದಾಳಂತೆ, ಬಹಳ ಮೆಚ್ಕೊಂಡಿದಾಳೆ. ನಮ್ಮಪ್ಪ ಅಮ್ಮನಾಣೆ, ನಾನೇ ಇನ್ನೊಂದು ಸಲ ಕೇಳ್ದೆ, ಯಾರನ್ನ ನೋಡಿದ್ದು, ನಮ್ಮವನನ್ನೇನಾ ಅಂತ! ಅವರು ಮುಂದೆ ಹೋಗಿದಾರೆ. ಚಹಾಕ್ಕೆ ಅವರ ಮನೆಗೆ ಕರೆದಿದಾರೆ. ಏಳು! ಆ ಬೆಕ್ಕು ಯಾಕೋ ನಿನ್ನ ಮೇಲೆ?"

"ಬಿಡಿಸೋಕಾಗ್ತಿಲ್ಲ ಅಕ್ಕ."

"ಇರಲಿ ಬಿಡು. ಪ್ರಾಣಿ ಮೇಲೆ ಪ್ರೀತಿ ಅಂದ್ಕೋತಾರೆ."

ಬೀಗಣ್ಣ ನಡೆದನೋ ತೇಲಿದನೋ ಅವನಿಗೇ ಗೊತ್ತಿಲ್ಲ. ಚಹಾದವನು ಅಂಗಡಿ ಹಾಗೇ ಬಿಟ್ಟು ಹಿಂದೆ ಬಂದ. ಎಲ್ಲೋ ಸುತ್ತಿ ತಪ್ಪಿಸಿಕೊಂಡಿದ್ದ ದರ್ಜಿಯೂ ನಡುವೆ ಸೇರಿಕೊಂಡ. ಅಕ್ಕ ಎಡಕ್ಕೆ ತಿರುಗಿದಳು. ಬೀಗಣ್ಣ ತೇಲುವುದನ್ನು ನಿಲ್ಲಿಸಿದ.

"ಅಕ್ಕ, ಇದು ಹಿಂದಿನ ಬೀದಿ ಅಲ್ವಾ?"

"ಹೌದು. ಎಷ್ಟು ಹತ್ತಿರ ನೋಡು. ನಿನಗೆ ಊಟಕ್ಕೆ ಹೋಗಿ ಬರೋಕೂ ಅನುಕೂಲ."

"ಬಾಗಿಲಿನ ಬಣ್ಣ ಯಾವುದು?"

"ಬಾಗಿಲಿನ ಬಣ್ಣ ಕಟ್ಕೊಂಡು ನಿನಗೇನಾಗಬೇಕೋ? ಹಸಿರು."

ಬೀಗಣ್ಣ ಹಿಂದಕ್ಕೆ ತಿರುಗಿದ. ಹಿಂದೆ ದರ್ಜಿ, ಚಹಾದವನು ಗೋಡೆಯ ಹಾಗೆ ನಿಂತಿದ್ದರು. "ನಾಚ್ಕೋಬೇಡಯ್ಯ," ಎಂದು ಇಬ್ಬರೂ ಸೇರಿ ಅವನನ್ನು ಮುಂದಕ್ಕೆ ತಳ್ಳಿದರು.

ಹಸಿರು ಬಾಗಿಲ ಮುಂದೆ ಜನ ಸೇರಿದ್ದರು. ನಡುವೆ ಹುಡುಗಿಯ ಅಪ್ಪ ಕೈ ಎತ್ತಿ ಕೂಗಾಡುತ್ತಿದ್ದರು.

"ಬೀಗ ಹಾಕಿದ ಹಾಗೇ ಇದೆ! ಒಂದು ಗೀರಿಲ್ಲ! ಒಳಗೆ ಟ್ರಂಕಿಲ್ಲ, ಗಡಿಯಾರ ಇಲ್ಲ, ನನ್ನ ಉಣ್ಣೆ ಕೋಟು ಇಲ್ಲ! ಎಂಥ ಕಳ್ಳ ಅಂದ್ರೆ, ಬಾಗಿಲಿಗೆ ಎಣ್ಣೆ ಬೇರೆ ಹಾಕಿ ಹೋಗಿದಾನೆ! ಎಷ್ಟು ವರ್ಷದಿಂದ ಕಿರುಗುಡ್ತಿತ್ತು, ಈಗ ಸದ್ದೇ ಇಲ್ಲ!"

ಯಾರೋ ತನ್ನ ಕೆಲಸ ಮೆಚ್ಚಿದರೆಂದು ಬೀಗಣ್ಣನಿಗೆ ಒಂದು ಕ್ಷಣ ಹಿತವಾಯಿತು. ಒಂದೇ ಕ್ಷಣ. ಎದುರು ಮನೆಯ ಕಿಟಕಿಯ ಹೆಂಗಸು ಕಿರುಚಿದಳು.

"ಇವನೇ! ಟ್ರಂಕು ಹೊತ್ತವನು ಇವನೇ! ಹೆಗಲ ಮೇಲೆ ಬೆಕ್ಕಿತ್ತು! ಹೋಗ್ತಾ ನನ್ನ ನೋಡಿ ಹಲ್ಲು ಬೇರೆ ಕಿರಿದ!"

ಎಲ್ಲರೂ ಬೀಗಣ್ಣನನ್ನು ನೋಡಿದರು. ಬೆಕ್ಕು ಒಂದು ಕಣ್ಣು ತೆರೆದು ಎಲ್ಲರನ್ನೂ ನೋಡಿತು.

ಜನರ ನಡುವಿನಿಂದ ಒಬ್ಬಳು ಮುಂದೆ ಬಂದಳು. ನರ್ಸಮ್ಮ. ಬೀಗಣ್ಣ ಅವಳ ಮುಖ ನೋಡುವ ಮೊದಲು ಅಭ್ಯಾಸಬಲದಿಂದ ಅವಳ ಕೈ ನೋಡಿದ. ಕೈಯಲ್ಲಿ ಹೊಸ ಬೀಗದಕೈ. ಅದರ ಪ್ರತಿ ಹಲ್ಲೂ ಅವನಿಗೆ ಗೊತ್ತು. ಹಿಂದಿನ ದಿನವಷ್ಟೇ ತನ್ನ ಮಣೆಯ ಮೇಲೆ ತಾನೇ ಅರದಿಂದ ಉಜ್ಜಿದ್ದು.

"ನೀವಾ?" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಾತ್ರೆ ಕೊಟ್ಟ ಮೇಲೂ ಜ್ವರ ಏರಿದ ರೋಗಿಯನ್ನು ನೋಡಿದಂಥ ಬೆರಗಿತ್ತು.

ಬೀಗಣ್ಣ ತಡವರಿಸುತ್ತ ಎಲ್ಲ ಹೇಳಿದ. ಅಳುತ್ತ ಬಂದ ಮನುಷ್ಯ, ಇಲ್ಲದ ಹಾಲು, ಊರಿನ ಅಮ್ಮ. "ನೀವು ಎಲ್ಲೋ ನಿಂತು ನೋಡ್ತಾ ಇದೀರಿ ಅಂದ್ಕೊಂಡು, ಕರುಣೆ ತೋರಿಸೋಕೆ ಅಂತ..."

"ನಾನು ಬಂದದ್ದು ನಿನ್ನೆ," ಎಂದಳು ನರ್ಸಮ್ಮ.

"ನಿನ್ನೆನಾ?" ಎಂದಳು ಅಕ್ಕ, ಹಲ್ಲುನೋವಿದ್ದ ದವಡೆಯನ್ನು ಹಿಡಿದುಕೊಂಡು.

"ನಿನ್ನೆ ಈ ಕೀ ಮಾಡಿಸೋಕೆ ಬಂದು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಒಬ್ಬ ಬಂದು ಅಳ್ತಾ, ಮನೆ ಬಾಗಿಲು ತೆಗೆದುಕೊಡಿ ಅಂತ ಗೋಗರೆದ. ಇವರು ತಲೆ ಕೂಡ ಎತ್ತಲಿಲ್ಲ. ಅಕ್ಕಪಕ್ಕದವರು ಇಬ್ಬರನ್ನ ಕರ್ಕೊಂಡು ಬಾ ಅಂದ್ರು. ಅವನು ಕಾಲಿಗೆ ಬಿದ್ದ. ಇವರು ಕಾಲು ಮಡಿಸಿಕೊಂಡು ಕೂತ್ರು, ಅಷ್ಟೆ." ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ನಾನು ನಿಮಗೆ ಹೇಳಿದ್ದು ಅದನ್ನೇ. ಎದುರಿಗೆ ಅಳೋನ ಮೇಲೆ ಯಾರಿಗಾದ್ರೂ ಕರುಣೆ ಬರುತ್ತೆ. ಬಾಗಿಲ ಹಿಂದೆ ಯಾರ ಸಾಮಾನಿದೆಯೋ, ಮುಖಾನೂ ಕಾಣದೋರು, ಅಂಥೋರ ಮೇಲೆ ಕರುಣೆ ಇರೋ ಗಂಡಸು ಇವರೊಬ್ಬರೇ ಅಂತ."

ಚಹಾದವನು ಹಣೆ ಚಚ್ಚಿಕೊಂಡ.

"ಅವನೇ ಕಣಯ್ಯ! ಎಲ್ಲೋ ನೋಡಿದ ಮುಖ ಅಂದೆನಲ್ಲ! ನಿನ್ನೆ ನೀನು ಓಡಿಸಿದೆಯಲ್ಲ, ಅವನೇ ಇವನು! ಇವತ್ತು ಬೆಳಿಗ್ಗೆ ನನ್ನತ್ರ ಚಹಾ ಕುಡಿದ. ನೀನು ಯಾರಿಗೂ ಇಲ್ಲ ಅನ್ನಲ್ಲ ಅಂತ ನಾನೇ ಹೇಳಿದೆ. ಪಾಪ, ಎಷ್ಟು ಖುಷಿಪಟ್ಟ!"

ಹುಡುಗಿಯ ಅಪ್ಪ ಠಾಣೆಗೆ ನಡಿ ಎಂದು ಬೀಗಣ್ಣನ ಕೊರಳಪಟ್ಟಿ ಹಿಡಿಯಲು ಬಂದರು. ಬೆಕ್ಕು ಬುಸ್ ಎಂದಿತು. ಕೈ ಹಿಂದಕ್ಕೆ ಹೋಯಿತು.

"ಬಿಡಿ ಅಪ್ಪ, ಪಾಪ," ಎಂದಳು ನರ್ಸಮ್ಮ. "ಇವರು ಕಳ್ಳರಲ್ಲ. ಬೇಕಾದ್ರೆ ಆ ಮನುಷ್ಯ ಹತ್ತಿದ ಬಸ್ಸು ಯಾವುದು ಅಂತ ಠಾಣೆಗೆ ಹೋಗಿ ಹೇಳಿಬರಲಿ, ಸಾಕು."

ಬೀಗಣ್ಣನಿಗೆ ಎಲ್ಲಿಂದಲೋ ಒಂದು ಎಳೆ ಆಸೆ ಬಂತು. ಬದುಕಿನಲ್ಲಿ ಮೊದಲ ಸಲ ಅವನು ಒಬ್ಬರ ಮುಖವನ್ನು ನೆಟ್ಟಗೆ ನೋಡಿದ. ಒಳ್ಳೆಯ ಮುಖ. ಅದನ್ನು ಹಿಂದಿನ ದಿನವೇ ನೋಡಿದ್ದರೆ ಆಗುತ್ತಿತ್ತು.

"ಹಾಗಾದ್ರೆ... ಮದುವೆ ಮಾತು?"

"ಅದು ಹೇಗಾಗುತ್ತೆ, ನೀವೇ ಹೇಳಿ," ಎಂದಳು ಅವಳು, ಚುಚ್ಚುಮದ್ದು ಕೊಡುವವರ ಮೆತ್ತನೆ ದನಿಯಲ್ಲಿ. "ನಾನು ರಾತ್ರಿ ಡ್ಯೂಟಿಗೆ ಹೋಗೋಳು. ಯಾರೋ ಬಂದು ಅತ್ರೆ ನೀವು ಮನೆಯನ್ನೇ ಹೊತ್ತು ಬಸ್ಸು ಹತ್ತಿಸಿಬಿಡ್ತೀರಿ."

ಬೀಗಣ್ಣನ ಮುಖ ಇಳಿಯಿತು. ಅದು ಎಷ್ಟು ಇಳಿಯಿತೆಂದರೆ, ನೋಡಿದ ನರ್ಸಮ್ಮನ ಕಣ್ಣೇ ತೇವವಾಯಿತು. ಎಷ್ಟೆಂದರೂ ಕರುಣೆಯವಳು, ಎದುರಿಗಿದ್ದವನು ನೊಂದರೆ ಅವಳಿಗೆ ತಡೆಯುವುದಿಲ್ಲ.

"ಅಳಬೇಡಿ. ಪೂರ್ತಿ ಬೇಡ ಅಂತ ಹೇಳೋಕೂ ನನ್ನ ಕೈಲಾಗಲ್ಲ. ಒಂದು ಕೆಲಸ ಮಾಡ್ತೀನಿ. ಇನ್ನೊಂದು ಸಲ ಬಂದು ನೋಡ್ತೀನಿ."

"ಯಾವತ್ತು?" ಎಂದ ಬೀಗಣ್ಣ.

"ಅದನ್ನ ಹೇಳಲ್ಲ," ಎಂದಳು ಅವಳು.

ಗುಂಪು ಕರಗತೊಡಗಿತು. ಬೀಗಣ್ಣ ನಿಂತಲ್ಲೇ ನಿಂತಿದ್ದ. ನಗಬೇಕೋ ಅಳಬೇಕೋ, ನಾಳೆಯಿಂದ ಬಂದವರಿಗೆಲ್ಲ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ, ಅವನಿಗೆ ಒಂದೂ ತಿಳಿಯಲಿಲ್ಲ. ಅವನ ಬೆನ್ನ ಹಿಂದೆ ಚಹಾದವನು ದರ್ಜಿಯ ಪಕ್ಕೆ ತಿವಿದ.

"ಕೇಳಿಸ್ಕೊಂಡ್ಯಾ? ಇನ್ನೊಂದು ಸಲ ಬರ್ತಾಳಂತೆ. ಯಾವತ್ತು ಅಂತ ಹೇಳಲ್ವಂತೆ."

"ಕೇಳಿಸ್ತು, ಕೇಳಿಸ್ತು," ಎಂದ ದರ್ಜಿ. "ನಾಳೆಯ ಇಸ್ತ್ರಿ ಎಲ್ಲಾ ಹಾಗೇ ಇಟ್ಟಿರ್ತೀನಿ."

"ಮೊದಲು ನನ್ನ ನೀರು. ಏನ್ ಬೀಗಣ್ಣ, ಬೆಳಿಗ್ಗೆ ಸ್ವಲ್ಪ ಬೇಗ ಬರ್ತೀಯಾ?"

ಬೀಗಣ್ಣ ಸರಕ್ಕನೆ ತಿರುಗಿ, ಆಗಲ್ಲ ಎಂದು ಬಯ್ಯಲು ಬಾಯಿ ತೆರೆದ. ಹಸಿರು ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಅದರ ಸಂದಿನಲ್ಲಿ ನರ್ಸಮ್ಮ ನಿಂತು ನೋಡುತ್ತಿದ್ದಳು.

"ಬರ್ತೀನಪ್ಪ," ಎಂದ ಬೀಗಣ್ಣ.